ಸ್ಪಿತಿ ದಾರಿಯಲ್ಲಿ ಗಾಡಿ ಕೆಟ್ಟಾಗ: ಕಾಜಾದಿಂದ ಗ್ರಾಂಫೂವರೆಗೆ

ಸ್ವಂತ ಗಾಡಿಯಲ್ಲಿ ಹಿಮಾಚಲದ ಸ್ಪಿತಿಗೆ ಹೊರಟವರೆಲ್ಲ ಮೊದಲು ಕೇಳೋದು, ಯಾವ ಗಾಡಿ ಬೇಕು, ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಇಲ್ಲದಿದ್ದರೆ ಆಗುತ್ತಾ ಅಂತ. ಹೋಗಿ ಬಂದ ಮೇಲೆ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ? ಗಾಡಿ ಕೆಟ್ಟರೆ ರಿಪೇರಿಗೆ ಎಷ್ಟು ಹೊತ್ತು ಬೆಳಕು ಉಳಿದಿರುತ್ತದೆ? ಸ್ಪಿತಿಯ ಮುಖ್ಯ ಊರು ಕಾಜಾ ದಾಟಿದ ಮೇಲೆ ಏನಾದರೂ ಒಂದು ಕೆಡುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಹೋಗಬೇಕು.

ನಾವು ಹೋದದ್ದು ಸೆಪ್ಟೆಂಬರ್‌ನಲ್ಲಿ, ಮೂರು ಗಾಡಿಗಳಲ್ಲಿ. ಒಂದು ಲೀಫ್ ಸ್ಪ್ರಿಂಗ್ ಇರುವ ಹಳೆಯ ಡೀಸೆಲ್ ಜೀಪು, ಒಂದು ಪೆಟ್ರೋಲ್ ಫೋರ್ ಬೈ ಫೋರ್, ಇನ್ನೊಂದು ಹೊಸ ಹೊಗೆ ನಿಯಮದ (ಬಿಎಸ್6) ಡೀಸೆಲ್ ಎಸ್‌ಯುವಿ. ಗೆಳೆಯರಲ್ಲಿ ಇಬ್ಬರು ಸಕಲೇಶಪುರ ಕಡೆಯವರು. ಮಳೆಗಾಲದಲ್ಲಿ ಕಾಫಿ ತೋಟದ ಕೆಸರಲ್ಲಿ ಗಾಡಿ ಓಡಿಸಿಯೇ ಬೆಳೆದವರು. ಆ ಅನುಭವ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಮಲೆನಾಡಿನಲ್ಲಿ ಗಾಡಿ ಹೂತುಹೋಗುತ್ತದೆ, ಎಳೆದು ತೆಗೆದರೆ ಮುಗಿಯಿತು. ಸ್ಪಿತಿಯಲ್ಲಿ ಗಾಡಿ ಹೂತುಹೋಗುವುದು ಕಡಿಮೆ, ಮುರಿಯುವುದು ಜಾಸ್ತಿ. ಕಲ್ಲು, ತಣ್ಣೀರು, ಎತ್ತರ, ಇಡೀ ದಿನದ ಕುಲುಕಾಟ ಎಲ್ಲ ಸೇರಿ ಒಂದೊಂದೇ ಬೋಲ್ಟನ್ನು ಸಡಿಲ ಮಾಡುತ್ತವೆ.

ದಾರಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ, ನಾಕೋ, ತಾಬೋ, ಕಾಜಾ. ಅಲ್ಲಿಂದ ಲೋಸರ್, ಬೆಟ್ಟ ಹತ್ತಿ ಇಳಿಯುವ ಕುಂಜುಮ್ ಪಾಸ್, ಬಾತಲ್, ಛತ್ರು, ಗ್ರಾಂಫೂ. ಆಮೇಲೆ ಕೋಕ್ಸರ್, ಸಿಸ್ಸು ಕಡೆಯಿಂದ ಅಟಲ್ ಸುರಂಗ ಹಿಡಿದು ಮನಾಲಿ. ಸುರಂಗ 2020ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತುವ ತಾಪತ್ರಯ ತಪ್ಪಿದೆ. ಹಾಗಾಗಿ ಎಷ್ಟೋ ಜನ ಮನಾಲಿಯಿಂದಲೇ ಶುರುಮಾಡಿ ಅದೇ ದಿನ ಚಂದ್ರತಾಲ್ ಸರೋವರದ ಹತ್ತಿರ ಮಲಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನಾಲಿ ಸುಮಾರು 2,000 ಮೀಟರ್, ಚಂದ್ರತಾಲ್ 4,200 ಮೀಟರ್‌ಗೂ ಮೇಲೆ. ಒಂದೇ ದಿನದಲ್ಲಿ ಅಷ್ಟು ಎತ್ತರ ಏರಿ ಮಲಗಿದರೆ ತಲೆನೋವು, ವಾಂತಿ ಶುರುವಾಗಬಹುದು. ಜಾಸ್ತಿಯಾದರೆ ರಾತ್ರೋರಾತ್ರಿ ಕೆಳಗಿಳಿಯಬೇಕು, ಅದೂ ಆ ಕಿರಿದಾದ ದಾರಿಯಲ್ಲಿ. ಶಿಮ್ಲಾ ಕಡೆಯಿಂದ ಹೋದರೆ ಎತ್ತರ ನಿಧಾನವಾಗಿ ಏರುತ್ತದೆ. ಮೈಗೂ ಒಗ್ಗುತ್ತದೆ, ಗಾಡಿಯ ಸಣ್ಣಪುಟ್ಟ ತೊಂದರೆಗಳೂ ಮೆಕ್ಯಾನಿಕ್ ಸಿಗುವ ಊರುಗಳಲ್ಲೇ ಗೊತ್ತಾಗುತ್ತವೆ.

ನಮಗೆ ಮೊದಲ ತೊಂದರೆ ಬಂದದ್ದು ತಾಬೋ ದಾಟಿದ ಮೇಲೆ, ಅದೂ ಇದ್ದುದರಲ್ಲೇ ಹೊಸ ಗಾಡಿಯಲ್ಲಿ. ಬಿಎಸ್6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿದಾಗ ಅದು ಚೆನ್ನಾಗಿ ಬಿಸಿಯಾಗಿ ಒಳಗಿನ ಮಸಿಯನ್ನು ಸುಟ್ಟುಕೊಳ್ಳುತ್ತದೆ. ದಿನಗಟ್ಟಲೆ ಫಸ್ಟ್, ಸೆಕೆಂಡ್ ಗೇರ್‌ನಲ್ಲಿ ತೆವಳಿದರೆ ಸುಡುವಷ್ಟು ಬಿಸಿಯೇ ಆಗುವುದಿಲ್ಲ. ಎತ್ತರದಲ್ಲಿ ಗಾಳಿ ತೆಳುವಾಗಿ ಮಸಿಯೂ ಜಾಸ್ತಿ. ಡಿಪಿಎಫ್ ಎಚ್ಚರಿಕೆಯ ದೀಪ ಹತ್ತಿಕೊಂಡಿತು. ಹಾಗೇ ಬಿಟ್ಟರೆ ಗಾಡಿ ತಾನೇ ಶಕ್ತಿ ಇಳಿಸಿಕೊಳ್ಳುವ ಲಿಂಪ್ ಮೋಡ್‌ಗೆ ಹೋಗುತ್ತದೆ, ಆಮೇಲೆ ಕುಂಜುಮ್ ಹತ್ತುವ ಶಕ್ತಿ ಇರುವುದಿಲ್ಲ. ಕಾಜಾಕ್ಕೆ ಹೋಗುವ ಆ ದಾರಿಯಲ್ಲಿ ಒಳ್ಳೆಯ ಡಾಂಬರು ಇತ್ತು. ಥರ್ಡ್ ಗೇರ್‌ನಲ್ಲೇ ಇಟ್ಟು, ಎಂಜಿನ್ 2,500 ಆರ್‌ಪಿಎಂ ಹತ್ತಿರ ಇರುವ ಹಾಗೆ, ಎಲ್ಲೂ ನಿಲ್ಲಿಸದೆ ಓಡಿಸಿದೆವು. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ದೀಪ ಆರಿತು. ನಿಮ್ಮದೂ ಇಂಥ ಗಾಡಿಯಾದರೆ ಮ್ಯಾನ್ಯುಯಲ್‌ನ ಆ ಪುಟವನ್ನು ಮನೆಯಲ್ಲೇ ಓದಿಕೊಳ್ಳಿ. ಎಸಿ, ಹೀಟರ್ ಅಂತ ಎಂಜಿನ್ ಆನ್ ಮಾಡಿ ಸುಮ್ನೆ ನಿಲ್ಲಿಸಿಕೊಂಡಿರಬೇಡಿ. ಆಡ್‌ಬ್ಲೂ (ಹೊಗೆ ಶುದ್ಧ ಮಾಡುವ ದ್ರವ) ಹಾಕುವ ಗಾಡಿಯಾದರೆ ಬೆಟ್ಟ ಹತ್ತುವ ಮೊದಲೇ ಅದರ ಟ್ಯಾಂಕ್ ತುಂಬಿಸಿ. ಅದು ಖಾಲಿಯಾದರೆ ಗಾಡಿ ಮತ್ತೆ ಸ್ಟಾರ್ಟ್ ಆಗದ ಹಾಗೆ ಕಂಪ್ಯೂಟರ್ ತಡೆಯುತ್ತದೆ. ಆಗ ಅಲ್ಲಿ ಯಾವ ಮೆಕ್ಯಾನಿಕ್ ಬಂದರೂ ಕಷ್ಟ.

ಕಾಜಾದಲ್ಲಿ ಒಂದು ದಿನ ಪೂರ್ತಿ ಗಾಡಿಗಳಿಗೇ ಇಡಿ. ಸುತ್ತಲಿನ ಕೀ, ಕಿಬ್ಬರ್, ಲಾಂಗ್ಜಾ, ಹಿಕ್ಕಿಂ ಹಳ್ಳಿಗಳನ್ನು ನೋಡೋದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಕಾಜಾದಲ್ಲಿ ಪೆಟ್ರೋಲ್ ಬಂಕ್ ಇದೆ, ಮೆಕ್ಯಾನಿಕ್ ಇದ್ದಾರೆ, ಪಂಕ್ಚರ್ ಅಂಗಡಿ ಇದೆ. ಟ್ಯಾಕ್ಸಿ, ಪಿಕಪ್‌ಗಳಿಗೆ ಬೇಕಾದ ಸಾಮಾನು ಸಿಗುತ್ತದೆ. ಅಪರೂಪದ ಗಾಡಿಯಾದರೆ ಸಾಮಾನು ನಿಮ್ಮ ಹತ್ತಿರವೇ ಇರಬೇಕು. ಟ್ಯಾಂಕ್ ಫುಲ್ ಮಾಡಿಸಿ, ಮನಾಲಿ ಸೇರುವ ತನಕ ಅದೇ ಗತಿ ಅಂದುಕೊಂಡು ಹೊರಡಿ. ಆಮೇಲೆ ಸ್ಪ್ಯಾನರ್ ಹಿಡಿದು ಗಾಡಿ ಕೆಳಗೆ ತೂರಿ. ಚಕ್ರದ ನಟ್, ಶಾಕ್ ಅಬ್ಸಾರ್ಬರ್ ಬೋಲ್ಟ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಬ್ಯಾಟರಿ ಕ್ಲಾಂಪ್, ರೂಫ್ ಕ್ಯಾರಿಯರ್ ಎಲ್ಲವನ್ನೂ ಕೈಯಿಂದಲೇ ಮುಟ್ಟಿ ನೋಡಬೇಕು. ನಮ್ಮ ಮೂರು ಗಾಡಿಗಳಲ್ಲೂ ಸಡಿಲವಾದ ನಟ್ ಸಿಕ್ಕವು.

ಲೋಸರ್‌ನಲ್ಲಿ ಚೆಕ್‌ಪೋಸ್ಟ್ ಇದೆ, ಹೆಸರು, ಗಾಡಿ ನಂಬರ್ ಬರೆಸಬೇಕು. ಇಲ್ಲಿಂದ ಕೋಕ್ಸರ್ ತನಕ ಫೋನ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಮನೆಯವರಿಗೆ ಮೊದಲೇ ಹೇಳಿಡಿ, ಎರಡು ದಿನ ಸುದ್ದಿ ಇಲ್ಲದಿದ್ದರೂ ಗಾಬರಿ ಆಗಬೇಡಿ ಅಂತ. ವಿದೇಶದಿಂದ ಬರುವ ಕನ್ನಡಿಗ ಗೆಳೆಯರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಟ್ರೆಕ್ಕಿಂಗ್‌ಗೆ ಒಯ್ಯುವ ಸ್ಯಾಟಲೈಟ್ ಮೆಸೆಂಜರ್, ಸ್ಯಾಟಲೈಟ್ ಫೋನ್ ಇಲ್ಲಿಗೆ ತರಬೇಡಿ. ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಂಡರೆ ಬಂಧನದ ತನಕ ಹೋಗುತ್ತದೆ.

ಕುಂಜುಮ್ 4,500 ಮೀಟರ್‌ಗೂ ಎತ್ತರ. ಹತ್ತುವುದು ಅಂಥ ಕಷ್ಟವಲ್ಲ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬರಬೇಡಿ, ಗೇರ್‌ನಲ್ಲಿ ಇಳಿಸಿ. ಬಾತಲ್ ಬರುವ ಮೊದಲೇ ಚಂದ್ರತಾಲ್‌ಗೆ ಹೋಗುವ ಕವಲು ಸಿಗುತ್ತದೆ. ಒಂದೇ ಗಾಡಿ ಹಿಡಿಸುವ ದಾರಿ, ಎದುರಿಂದ ಗಾಡಿ ಬಂದರೆ ಯಾರಾದರೂ ಒಬ್ಬರು ರಿವರ್ಸ್ ಹೋಗಲೇಬೇಕು. ಸರೋವರದ ದಡದಲ್ಲಿ ಟೆಂಟ್ ಹಾಕುವಂತಿಲ್ಲ. ಕ್ಯಾಂಪ್‌ಗಳು ಅದಕ್ಕೂ ಮೊದಲೇ ಇವೆ. 2005ರಿಂದ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಕಾಪಾಡಬೇಕಾದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜಾಗ ಅದು. ಗಾಡಿ ನಿಲ್ಲಿಸುವ ಕಡೆ ನಿಲ್ಲಿಸಿ, ಉಳಿದದ್ದನ್ನು ನಡೆದುಕೊಂಡೇ ಹೋಗಿ.

ಬಾತಲ್‌ನಿಂದ ಗ್ರಾಂಫೂಗೆ ಸುಮಾರು 50 ಕಿಲೋಮೀಟರ್. ನಿಜವಾದ ಪರೀಕ್ಷೆ ಇದೇ. ರಸ್ತೆ ಕೆಲಸ ನಡೆಯುತ್ತಲೇ ಇರುತ್ತದೆ, ಹಾಗಾಗಿ ವರ್ಷದಿಂದ ವರ್ಷಕ್ಕೆ ಪರಿಸ್ಥಿತಿ ಬದಲಾಗುತ್ತದೆ. ಆದರೆ ನಾಲಾಗಳ, ಅಂದರೆ ಬೆಟ್ಟದ ಹಳ್ಳಗಳ ಸ್ವಭಾವ ಬದಲಾಗುವುದಿಲ್ಲ. ಮೇಲಿನ ಹಿಮ ಬಿಸಿಲಿಗೆ ಕರಗಿ ನೀರು ದಾರಿಗೆ ಅಡ್ಡ ಹರಿಯುತ್ತದೆ. ಬೆಳಿಗ್ಗೆ ಆರಕ್ಕೆ ಮೀನಖಂಡ ಮುಟ್ಟುವ ನೀರು ಮಧ್ಯಾಹ್ನ ಎರಡಕ್ಕೆ ತೊಡೆ ತನಕ ಬಂದಿರುತ್ತದೆ. ನೀರಿನ ಬಣ್ಣವೂ ಬೂದಿಯಾಗಿ, ಕೆಳಗಿನ ಕಲ್ಲು ಕಾಣುವುದಿಲ್ಲ.

ಬಾತಲ್ ಬಿಟ್ಟು ಸ್ವಲ್ಪ ದೂರದಲ್ಲೇ ಪೆಟ್ರೋಲ್ ಗಾಡಿ ನೀರಿನ ನಡುವೆ ಆಫ್ ಆಯಿತು. ಓಡಿಸುತ್ತಿದ್ದ ಗೆಳೆಯ ಕಲ್ಲು ಬಂತು ಅಂತ ಕ್ಲಚ್ ಒತ್ತಿದ್ದ. ಅವನ ಕೈ ಕೀಗೆ ಹೋಗುವಷ್ಟರಲ್ಲಿ ಸಕಲೇಶಪುರದವನು ದಡದಿಂದಲೇ ಕೂಗಿದ, 'ಸೆಲ್ಫ್ ಹೊಡೀಬೇಡ ಮಾರಾಯ, ಮೊದ್ಲು ಫಿಲ್ಟರ್ ನೋಡಣ!' ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ. ಏರ್ ಫಿಲ್ಟರ್ ದಾಟಿ ನೀರು ಎಂಜಿನ್ ಒಳಗೆ ಹೋಗಿದ್ದರೆ, ಸೆಲ್ಫ್ ಹೊಡೆದ ತಕ್ಷಣ ಕನೆಕ್ಟಿಂಗ್ ರಾಡ್ ಬಾಗಬಹುದು. ನೀರಿಗೆ ಗಾಳಿಯ ಹಾಗೆ ಕುಗ್ಗುವ ಗುಣ ಇಲ್ಲ. ಹಗ್ಗ ಕಟ್ಟಿ ಹಿಂದಕ್ಕೆ ಎಳೆದು, ಫಿಲ್ಟರ್ ಡಬ್ಬ ಬಿಚ್ಚಿ ನೋಡಿದೆವು. ಒಣಗಿತ್ತು. ಆಮೇಲಷ್ಟೇ ಸ್ಟಾರ್ಟ್ ಮಾಡಿದ್ದು.

ನಾಲಾ ದಾಟುವ ಕ್ರಮ ಇಷ್ಟೇ. ಇಳಿದು ನಿಂತು, ಸ್ಥಳೀಯ ಟ್ಯಾಕ್ಸಿಯೋ ಬಸ್ಸೋ ಯಾವ ಗೆರೆ ಹಿಡಿದು ಹೋಗುತ್ತದೆ ಅಂತ ನೋಡಿ. ಯಾರೂ ಬರದಿದ್ದರೆ ಒಬ್ಬರು ಕೋಲು ಹಿಡಿದು ಆಳ ನೋಡಬೇಕು. ಕಾಲು ನಿಲ್ಲದಷ್ಟು ಸೆಳೆತ ಇದ್ದರೆ ಗಾಡಿ ಇಳಿಸಲೇಬೇಡಿ. ಫೋರ್ ಬೈ ಫೋರ್‌ನ ಲೋ ರೇಂಜ್ (ನಿಧಾನಕ್ಕೆ ಜಾಸ್ತಿ ಎಳೆಯುವ ಗೇರ್) ಇದ್ದರೆ ಲೋ ಫಸ್ಟ್ ಅಥವಾ ಸೆಕೆಂಡ್, ಇಲ್ಲದಿದ್ದರೆ ಫಸ್ಟ್. ಮಧ್ಯದಲ್ಲಿ ಗೇರ್ ಬದಲಿಸಬಾರದು, ಅರ್ಧ ಕ್ಲಚ್ ಹಿಡಿಯಬಾರದು. ಕ್ಲಚ್ ಸುಟ್ಟ ವಾಸನೆ ಬಂದರೆ, ದಾಟಿದ ಮೇಲೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಒಂದು ಗಾಡಿ ಪೂರ್ತಿ ದಾಟುವ ತನಕ ಇನ್ನೊಂದು ಇಳಿಯಬಾರದು. ಎಳೆಯುವಾಗ ಹಗ್ಗವನ್ನು ಬಂಪರ್‌ಗೆ, ಟ್ರೈಲರ್ ಸಿಕ್ಕಿಸುವ ಟೋ ಬಾಲ್‌ಗೆ ಕಟ್ಟಬೇಡಿ. ಕಿತ್ತುಕೊಂಡು ಬಂದರೆ ಗುಂಡಿನ ಹಾಗೆ ಹಾರುತ್ತದೆ. ಕಂಪನಿ ಕೊಟ್ಟ ಟೋ ಹುಕ್‌ಗೇ ಕಟ್ಟಿ. ಹಗ್ಗದ ನಡುವೆ ಒಂದು ದಪ್ಪ ಜಾಕೆಟ್ ಹಾಕಿ, ಜನರನ್ನೆಲ್ಲ ದೂರ ನಿಲ್ಲಿಸಿ.

ಛೋಟಾ ದಾರಾ ಹತ್ತಿರ ಹಳೆಯ ಜೀಪಿನ ಸರದಿ ಬಂತು. ಗಾಡಿ ನೇರ ಹೋಗದೆ ಓರೆಯಾಗಿ ಎಳೆಯುತ್ತಿತ್ತು. ಇಳಿದು ನೋಡಿದರೆ ಹಿಂದಿನ ಎಡ ಚಕ್ರ ಮಡ್‌ಗಾರ್ಡ್‌ಗೆ ತಾಗುವಷ್ಟು ಹಿಂದೆ ಸರಿದಿದೆ. ಸೆಂಟರ್ ಬೋಲ್ಟ್ ತುಂಡಾಗಿತ್ತು. ಲೀಫ್ ಸ್ಪ್ರಿಂಗ್‌ನ ಪಟ್ಟಿಗಳನ್ನೆಲ್ಲ ಒಟ್ಟಿಗೆ ಹಿಡಿದು, ಆಕ್ಸಲ್ ತನ್ನ ಜಾಗ ಬಿಡದಂತೆ ನೋಡಿಕೊಳ್ಳುವ ಬೆರಳು ದಪ್ಪದ ಬೋಲ್ಟ್ ಅದು. ಯು ಬೋಲ್ಟ್ ಸ್ವಲ್ಪ ಸಡಿಲವಾದರೂ ಏಟೆಲ್ಲ ಅದರ ಮೇಲೇ ಬೀಳುತ್ತದೆ. ಬೆಲೆ ತೀರಾ ಕಡಿಮೆ, ಆದರೆ ಆ ಜಾಗದಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಜೀಪಿನವನು ಎರಡು ತಂದಿದ್ದ.

ಮೂರು ಚಕ್ರಗಳಿಗೂ ಕಲ್ಲು ಒಡ್ಡಿದೆವು. ಒಂದು ಜಾಕ್ ಚಾಸಿಗೆ, ಇನ್ನೊಂದು ಆಕ್ಸಲ್ ಕೆಳಗೆ. ಜಾಕ್ ನೆಲಕ್ಕೆ ಇಳಿಯದಂತೆ ಅಡಿಗೆ ಹಲಗೆ. ಯು ಬೋಲ್ಟ್‌ನ ನಾಲ್ಕು ನಟ್‌ಗಳಲ್ಲಿ ಒಂದು ತುಕ್ಕು ಹಿಡಿದು ಕೂತಿತ್ತು. ಅದಕ್ಕೆ ಡೀಸೆಲ್ ಹಾಕಿ, ಕಾದು, ಸ್ಪ್ಯಾನರ್‌ಗೆ ಪೈಪ್ ಸೇರಿಸಿ ಇಬ್ಬರು ಒತ್ತಿದ ಮೇಲೆ ಬಂತು. ಪಟ್ಟಿಗಳನ್ನು ಸಿ ಕ್ಲಾಂಪ್‌ನಿಂದ ಬಿಗಿದು, ಸ್ಕ್ರೂಡ್ರೈವರ್ ತೂರಿಸಿ ತೂತುಗಳನ್ನು ಒಂದೇ ಸಾಲಿಗೆ ತಂದು, ಹೊಸ ಬೋಲ್ಟ್ ಇಳಿಸಿದೆವು. ಆಕ್ಸಲನ್ನು ಹಿಂದಿನ ಜಾಗಕ್ಕೆ ತರೋದೇ ದೊಡ್ಡ ಕೆಲಸ. ರ‍್ಯಾಚೆಟ್ ಪಟ್ಟಿ ಹಾಕಿ ಒಂದೊಂದೇ ಹಲ್ಲು ಎಳೆಯುತ್ತ, ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಳಿಗೆ ಟಕ್ ಅಂತ ಕೂರುವ ತನಕ ಬಿಡಲಿಲ್ಲ. ಆ ಎತ್ತರದಲ್ಲಿ ನಾಲ್ಕು ಸಲ ಸ್ಪ್ಯಾನರ್ ತಿರುಗಿಸಿದರೆ ಏದುಸಿರು ಬರುತ್ತದೆ. ಊರಲ್ಲಿ ಒಂದು ಗಂಟೆಯ ಕೆಲಸಕ್ಕೆ ಇಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ಹೀಗೆ ಬಿಗಿದ ಯು ಬೋಲ್ಟನ್ನು ಇಪ್ಪತ್ತು, ಮೂವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಎದುರಿಂದ ಬಂದ ಟಿಪ್ಪರ್ ಡ್ರೈವರ್ ಇಳಿದು ಬಂದು, ಮುಂದಿನ ನಾಲಾ ಜೋರಾಗಿದೆ, ಈಗ ಹೋಗಬೇಡಿ, ಬೆಳಿಗ್ಗೆ ಹೋಗಿ ಅಂದರು. ಆ ದಾರಿಯಲ್ಲಿ ದಿನಾ ಓಡಾಡುವವರ ಮಾತಿಗೆ ಎದುರಾಡಬಾರದು. ನೀರು, ಕಲ್ಲು ಬೀಳುವ ಇಳಿಜಾರು ಎರಡರಿಂದಲೂ ದೂರ ಒಂದು ಸಮತಟ್ಟು ಜಾಗ ನೋಡಿ ಟೆಂಟ್ ಹಾಕಿದೆವು. ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಇತ್ತು. ಮರುದಿನ ಬೆಳಕು ಹರಿಯುತ್ತಿದ್ದಂತೆ ಹೋದರೆ ಅದೇ ನಾಲಾವನ್ನು ಎಷ್ಟು ಸಲೀಸಾಗಿ ದಾಟಿದೆವು ಅಂದರೆ, ನಿನ್ನೆ ಹೇಳಿದ್ದು ಇದನ್ನೇನಾ ಅಂತ ಕೇಳುವ ಹಾಗಿತ್ತು. ಅದಕ್ಕೇ ಹೇಳೋದು, ಪ್ಲಾನ್‌ನಲ್ಲಿ ಒಂದು ದಿನ ಖಾಲಿ ಬಿಟ್ಟಿರಿ. ವಾಪಸ್ ವಿಮಾನದ ಟಿಕೆಟ್ ಮನಾಲಿ ಸೇರುವ ಮರುದಿನಕ್ಕೇ ಬುಕ್ ಮಾಡಿದವರು ಮಧ್ಯಾಹ್ನದ ನೀರಿಗೆ ಗಾಡಿ ಇಳಿಸುತ್ತಾರೆ.

ಇನ್ನು ಟೈರ್. ಇಲ್ಲಿನ ಕಲ್ಲು ಟೈರಿನ ಪಕ್ಕವನ್ನೇ ಸೀಳುತ್ತದೆ. ಅದಕ್ಕೆ ಪಂಕ್ಚರ್ ಕಿಟ್‌ನ ದಾರ ನಿಲ್ಲುವುದಿಲ್ಲ. ನಿಮ್ಮ ಸೈಜಿನ ಒಂದು ಟ್ಯೂಬ್, ಹಳೆಯ ಟೈರಿನ ಒಂದು ತುಂಡು ಇಟ್ಟುಕೊಂಡಿರಿ. ಸೀಳಿದ ಜಾಗಕ್ಕೆ ಒಳಗಿಂದ ಆ ತುಂಡನ್ನು ತೇಪೆಯ ಹಾಗೆ ಕೊಟ್ಟು, ಟ್ಯೂಬ್ ಹಾಕಿ ಗಾಳಿ ತುಂಬಿದರೆ ನಿಧಾನವಾಗಿ ಮುಂದಿನ ಊರು ಸೇರಬಹುದು. ಸ್ಟೆಪ್ನಿ ಎರಡಿದ್ದರೆ ಇನ್ನೂ ಒಳ್ಳೇದು. ಗಾಳಿ ಸ್ವಲ್ಪ ಇಳಿಸಿದರೆ ಕುಲುಕಾಟ ಕಡಿಮೆಯಾಗುತ್ತದೆ, ತೀರಾ ಇಳಿಸಿದರೆ ಪಕ್ಕ ಸೀಳುವ ಅಪಾಯ ಜಾಸ್ತಿ. ಕೆಸರಲ್ಲಿ ಇಳಿಸುವಷ್ಟು ಇಲ್ಲಿ ಬೇಡ.

ಡಬ್ಬದಲ್ಲಿ ಇರಲೇಬೇಕಾದ ಇನ್ನೆರಡು ಅಂದರೆ ಬಿರುಕು ಮುಚ್ಚುವ ಎಂ-ಸೀಲ್ ಮತ್ತು ಮೈಗೆ ಹಚ್ಚುವ ಬಾರ್ ಸೋಪು. ಎಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಕಲ್ಲು ಬಡಿದು ಆಯಿಲ್ ಜಿನುಗಿದರೆ, ಜಾಗವನ್ನು ಪೆಟ್ರೋಲ್‌ನಿಂದ ಒರೆಸಿ, ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಎಂ-ಸೀಲ್ ಮೆತ್ತಬೇಕು. ಎಣ್ಣೆ ಪಸೆ ಇದ್ದರೆ ಕೂರುವುದೇ ಇಲ್ಲ. ಡೀಸೆಲ್ ಟ್ಯಾಂಕ್ ಬಿರುಕಿಗೆ ಸೋಪನ್ನು ಗಟ್ಟಿಯಾಗಿ ತಿಕ್ಕಿದರೆ ಸದ್ಯಕ್ಕೆ ನಿಲ್ಲುತ್ತದೆ. ಎರಡು ಲೀಟರ್ ಎಂಜಿನ್ ಆಯಿಲ್, ಕೂಲಂಟ್, ಫ್ಯಾನ್ ಬೆಲ್ಟ್, ಫ್ಯೂಸ್, ಕಬ್ಬಿಣದ ತಂತಿ, ಜಂಪರ್ ಕೇಬಲ್ ಕೂಡ ಇರಲಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ದಾರಿಗೆ ಅಡ್ಡ ಬರುವ ನಾಲಾ ದಾಟೋದು ಬೇರೆ, ವಿಡಿಯೋಗೋಸ್ಕರ ನದಿಗೆ ಗಾಡಿ ಇಳಿಸೋದು ಬೇರೆ. 2023ರ ಡಿಸೆಂಬರ್‌ನಲ್ಲಿ ಚಂದ್ರಾ ನದಿಯೊಳಗೆ ಎಸ್‌ಯುವಿ ಓಡಿಸಿದವರಿಗೆ ಪೊಲೀಸರು ದಂಡ ಹಾಕಿದರು, ಸರಿಯಾಗಿಯೇ ಮಾಡಿದರು. ಆ ನೀರು ಕೆಳಗಿನ ಹಳ್ಳಿಗಳದ್ದು. ಆಯಿಲ್ ಬದಲಿಸಬೇಕಾಗಿ ಬಂದರೂ ಹಳೆಯ ಆಯಿಲನ್ನು ಕ್ಯಾನ್‌ನಲ್ಲಿ ಹಿಡಿದು ವಾಪಸ್ ತನ್ನಿ.

ಮನಾಲಿ ಸೇರಿದ ಮೇಲೆ ನೇರ ಬೆಂಗಳೂರಿಗೆ ಹೊರಟುಬಿಡಬೇಡಿ. 2,000 ಕಿಲೋಮೀಟರ್‌ಗೂ ಜಾಸ್ತಿ ಹೈವೇ ಇನ್ನೂ ಬಾಕಿ ಇರುತ್ತದೆ. ಗಾಡಿಯನ್ನು ಲಿಫ್ಟ್ ಮೇಲೆ ಹತ್ತಿಸಿ ಬ್ರೇಕ್ ಪ್ಯಾಡ್ ನಡುವೆ ಸಿಕ್ಕ ಮರಳು ತೊಳೆಸಿ, ಚಕ್ರ ಅಲುಗಾಡಿಸಿ ಬೇರಿಂಗ್ ನೋಡಿಸಿ, ಅಲೈನ್‌ಮೆಂಟ್ ಮಾಡಿಸಿ. ಮುಖ್ಯವಾಗಿ ಆಕ್ಸಲ್ ನಡುವಿನ ಗೇರ್ ಡಬ್ಬದ (ಡಿಫರೆನ್ಷಿಯಲ್ ಹೌಸಿಂಗ್) ಬೋಲ್ಟ್ ಬಿಚ್ಚಿ ಆಯಿಲ್ ಬಣ್ಣ ನೋಡಿ. ನಾಲಾದ ತಣ್ಣೀರಿಗೆ ಬಿಸಿ ಹೌಸಿಂಗ್ ಇಳಿದಾಗ ಗಾಳಿಯಾಡಲು ಇರುವ ಬ್ರೀದರ್‌ನಿಂದ ನೀರು ಒಳಗೆ ಎಳೆದುಕೊಂಡಿರಬಹುದು. ಆಯಿಲ್ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಬದಲಿಸಿ, ಆಮೇಲೆ ಹೊರಡಿ.