ಸೋರಿಕೆ ನಿಂತಿತು, ನಾಲ್ಕನೇ ಸಲಕ್ಕೆ

ಭಾನುವಾರ ಬೆಳಿಗ್ಗೆ ಏಳಕ್ಕೆ ಮಳೆನೀರು ಟ್ಯಾಂಕಿನ ನಲ್ಲಿ ಪೈಪಿನ ಸುತ್ತ ಹಳೇ ಪೇಪರ್ ಒತ್ತಿ ನೋಡಿದೆ. ಒಣ ಒಣ. ಇನ್ನೊಂದು ತುಂಡು ಒತ್ತಿದೆ. ಅದಕ್ಕೂ ಪಸೆ ಹತ್ತಲಿಲ್ಲ. ಆ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು "ಏನಪ್ಪಾ, ನಿಂತಿತಾ?" ಅಂದರು. "ನಿಂತಿತು ಅಜ್ಜಿ" ಅನ್ನೋಷ್ಟರಲ್ಲಿ ನನಗೆ ಗಂಟಲು ಕಟ್ಟಿತ್ತು. ಐದು ವಾರ ಕಾದಿದ್ದೆವು.

ಪಾವಗಡ ತಾಲ್ಲೂಕಿನ ಈ ಊರಲ್ಲಿ ನಾವು ಕಟ್ಟುತ್ತಿರುವ ಮೂರನೇ ಮಳೆನೀರು ಟ್ಯಾಂಕು ಇದು. ತಂತಿ ಜಾಲರಿ ಸುತ್ತಿ, ಅದಕ್ಕೆ ಸಿಮೆಂಟ್ ಗಾರೆ ಮೆತ್ತಿ, ಗಟ್ಟಿಯಾಗಲು ಗೋಣಿಚೀಲ ಹೊದಿಸಿ ನೀರುಣಿಸಿ ಕಟ್ಟೋ ಟ್ಯಾಂಕು. ಅಳತೆ ಹೇಳುತ್ತೇನೆ. ಆರೂವರೆ ಅಡಿ ಅಗಲ, ಐದೂಕಾಲು ಅಡಿ ಎತ್ತರ, ಸುಮಾರು 5,000 ಲೀಟರ್. ಐದು ಜನರ ಮನೆ. ಕುಡಿಯೋಕೆ, ಅಡುಗೆಗೆ ದಿನಕ್ಕೆ 20 ಲೀಟರ್ ಅಂದರೂ 250 ದಿನ ಬರುತ್ತದೆ. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನಮ್ಮ ಪರೀಕ್ಷಾ ಕಿಟ್‌ನಲ್ಲಿ ದಾಟಿತ್ತು. "ಕುದಿಸಿ ಕುಡಿದರೆ ಹೋಗಲ್ವಾ?" ಅಂತ ಪ್ರತಿ ಮನೆಯಲ್ಲೂ ಹೆಂಗಸರು ಕೇಳುತ್ತಾರೆ. ಹೋಗಲ್ಲ. ನೀರು ಆವಿಯಾಗುತ್ತೆ, ಫ್ಲೋರೈಡ್ ಹಾಗೇ ಉಳಿಯುತ್ತೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟಾಗಲೆಲ್ಲ 20 ಲೀಟರಿನ ಕ್ಯಾನನ್ನು ಸೊಂಟದ ಮೇಲಿಟ್ಟು ಪಕ್ಕದೂರಿಂದ ತರೋದು ಈ ಮನೆಯ ಸೊಸೆ. 20 ಕೆಜಿ ಭಾರ ಅದು.

ಈಗ ಸೋರಿಕೆಗೆ ಬರೋಣ. ಗೋಡೆಯಲ್ಲಿ ಒಂದು ಹನಿಯೂ ಇಲ್ಲ. ಕೆಳಗೆ ನಲ್ಲಿಗೆ ಬಿಟ್ಟ ಪಿವಿಸಿ ಪೈಪಿನ ಸುತ್ತ ಮಾತ್ರ ಜಿನುಗು. ಮೊದಲ ಸಲ ಬೋರ್‌ವೆಲ್ ನೀರು ತುಂಬಿಸಿದ ರಾತ್ರಿಯೇ ಕಾಣಿಸಿತು. ನೀರು ಖಾಲಿ ಮಾಡಿದೆವು, ಹಿತ್ತಲ ಬದನೆ ಗಿಡಗಳಿಗೆ ಹಬ್ಬವಾಯಿತು. ಸುತ್ತ ಕೆತ್ತಿ, ಸಿಮೆಂಟ್ ಜಾಸ್ತಿ ಹಾಕಿದ ಗಾರೆ ತುಂಬಿದೆವು. ವಾರ ಬಿಟ್ಟು ತುಂಬಿಸಿದರೆ ಮತ್ತೆ ಜಿನುಗು. ಆಮೇಲೆ ಸಂದಿ ಮುಚ್ಚುವ ಎಪಾಕ್ಸಿ ಪುಟ್ಟಿ. ಎರಡು ದಿನ ಒಣಗಿತ್ತು, ಮೂರನೇ ದಿನ ಮತ್ತೆ ಒದ್ದೆ.

ನಾನು ಮರಳನ್ನು ಬೈದೆ. ಬೈಯೋಕೆ ಕಾರಣವೂ ಇತ್ತು. ಅಂಗಡಿಯವರು ಕಳಿಸಿದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಿಡಿದರೆ ಅಂಗೈಯೆಲ್ಲ ಬೂದಿ, ತೊಳೆದೇ ಬಳಸಬೇಕಾಯಿತು. ಜಾಲರಿಯಲ್ಲೂ ಮೋಸ. ಬಿಲ್ಲಿನಲ್ಲಿ 22 ಗೇಜ್, ಬಿಚ್ಚಿದರೆ ಅದಕ್ಕಿಂತ ತೆಳು. ವಾಪಸ್ ಕೊಡಲು ಆಟೋಗೆ ಮತ್ತೆ ಬಾಡಿಗೆ. ಬಡವರ ಮನೆ ಕೆಲಸಕ್ಕೆ ಅಂತ ಹೇಳಿದ ಮೇಲೂ ಹೀಗೆ ಮಾಡಿದರೆ ಹೊಟ್ಟೆ ಉರಿಯುತ್ತದೆ.

ಆದರೆ ತಪ್ಪು ಮರಳಿನದ್ದಲ್ಲ. ಅದನ್ನು ಕಂಡುಹಿಡಿದದ್ದು ಸೊಸೆ. ಬಿಂದಿಗೆ ತುಂಬಿಸುತ್ತಾ, "ಅಣ್ಣ, ನಲ್ಲಿ ತಿರುಗಿಸಿದಾಗಲೆಲ್ಲ ಪೈಪೂ ಒಂಚೂರು ತಿರುಗುತ್ತೆ ನೋಡಿ" ಅಂದರು. ಬಗ್ಗಿ ನೋಡಿದೆ. ಕೂದಲೆಳೆಯಷ್ಟು ಅಲುಗಾಟ. ಪಿವಿಸಿ ನುಣುಪು, ಗಾರೆ ಅದಕ್ಕೆ ಅಂಟೋದೇ ಇಲ್ಲ, ಸುಮ್ನೆ ಸುತ್ತ ಕೂತಿರುತ್ತದೆ. ದಿನಕ್ಕೆ ಹತ್ತು ಸಲ ನಲ್ಲಿ ಬಿಗಿ ಮಾಡಿದರೆ ಎಂಥ ಪುಟ್ಟಿಯೂ ಬಿಡಲೇಬೇಕು, ಅಲ್ವಾ?

ನಾಲ್ಕನೇ ಸಲ ಪೈಪನ್ನೇ ಕಿತ್ತೆವು. ಹೊಸ ಪೈಪಿಗೆ, ಗೋಡೆಯೊಳಗೆ ಹುದುಗುವ ಜಾಗಕ್ಕೆ ಸರಿಯಾಗಿ ಉಂಗುರದಂಥ ಒಂದು ಕಾಲರ್ ಅಂಟಿಸಿದೆವು. ಹ್ಯಾಕ್ಸಾ ಬ್ಲೇಡಿನಿಂದ ಪೈಪು, ಕಾಲರ್ ಎರಡನ್ನೂ ಅಡ್ಡಾದಿಡ್ಡಿ ಗೀಚಿದೆವು. ಮೇಲೆ ಪಿವಿಸಿ ಸಾಲ್ವೆಂಟ್ ಅಂಟು ದಪ್ಪಗೆ ಬಳಿದು, ಒಣಗುವ ಮೊದಲೇ ಜರಡಿ ಹಿಡಿದ ದಪ್ಪ ಮರಳಿನಲ್ಲಿ ಹೊರಳಿಸಿದೆವು. ಎಳ್ಳುಂಡೆಗೆ ಎಳ್ಳು ಮೆತ್ತಿದ ಹಾಗೆ ಮರಳು ಕೂತಿತು. ರಾತ್ರಿಯಿಡೀ ಒಣಗಿಸಿ, ಮರುದಿನ ಗಾರೆ ಹಾಕಿದೆವು. ಹೊರಗೆ ನಲ್ಲಿಯ ಕೆಳಗೆ ಸಣ್ಣ ಕಾಂಕ್ರೀಟ್ ಕಂಬ ಎಬ್ಬಿಸಿ ಪೈಪನ್ನು ಅದಕ್ಕೆ ಬಿಗಿದೆವು. ನಲ್ಲಿ ತಿರುಗಿಸುವ ಜೋರೆಲ್ಲ ಈಗ ಕಂಬಕ್ಕೆ ಹೋಗುತ್ತದೆ, ಗೋಡೆಗಲ್ಲ.

ಗಾರೆ ಇನ್ನೂ ಹಸಿಯಿದ್ದಾಗಲೇ, ಪೈಪಿನ ಬಾಯಿ ತೆರೆದಿದ್ದ ರಾತ್ರಿಯೇ ಮಳೆ ಬಂತು. ಚಾವಣಿ 28 ಚದರ ಮೀಟರ್. 20 ಮಿಲಿಮೀಟರ್ ಮಳೆ ಬಿದ್ದರೆ 560 ಲೀಟರ್. ಅಷ್ಟೂ ಅಂಗಳದಲ್ಲಿ ಹರಿದು ಹೋಗೋದನ್ನ ನೋಡುತ್ತಾ ಕೂತಿರೋದು ಬಹಳ ಕಷ್ಟವಾಯಿತು. ಸೊಸೆ ಮಾತ್ರ ಮೊದಲ ಹತ್ತು ನಿಮಿಷದ ನೀರು ಬಿಟ್ಟು, ಚಾವಣಿಯಂಚಿನ ನೀರು ಹಿಡಿಯುವ ದೋಣಿಯ ಕೆಳಗೆ ಎರಡು ಬಿಂದಿಗೆ ಹಿಡಿದರು. ಮರುದಿನ ಒಂದೇ ಅಳತೆಯ ತೊಗರಿಬೇಳೆಯನ್ನು ಎರಡು ಪಾತ್ರೆಯಲ್ಲಿ ಇಟ್ಟರು. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು. ಮಳೆನೀರಿನ ಬೇಳೆ ಬೆಣ್ಣೆಯ ಹಾಗೆ ಕರಗಿತು. ಇನ್ನೊಂದರಲ್ಲಿ ಗಡಸು ನೀರಿಗೆ ಬೇಳೆ ಕಾಳುಕಾಳಾಗೇ ಉಳಿದಿತ್ತು. ಅಜ್ಜಿ ಒಂದು ಕಾಳು ಎತ್ತಿ ಬೆರಳಲ್ಲಿ ಹಿಸುಕಿ, "ಇಷ್ಟು ವರ್ಷ ಎಷ್ಟು ಸೌದೆ ಸುಟ್ಟೆವೋ" ಅಂದರು.

ಸೌದೆ ಅಂದಾಗಲೇ ಮುಂದಿನ ಕೆಲಸ ತಲೆಗೆ ಹೊಕ್ಕಿತು. ಆ ಅಡುಗೆಮನೆಯಲ್ಲಿ ಹತ್ತು ನಿಮಿಷ ನಿಂತರೆ ಕಣ್ಣು ಉರಿಯುತ್ತದೆ. ಸೊಸೆಗೆ ಕೆಮ್ಮು ಬಿಡೋದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಇದೆಯಲ್ಲ, ಅದನ್ನೇ ಇಲ್ಲಿ ಹಾಕಬೇಕು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಗೆ. ಆದರೆ ಕೊಳವೆ ಚಾವಣಿಯ ಶೀಟಿನ ಮೇಲೆ ಬಂದರೆ ಮಸಿ ನಮ್ಮ ದೋಣಿಗೇ ಇಳಿಯುತ್ತದೆ! ದೋಣಿಯ ಎದುರು ಬದಿಯ ಗೋಡೆಯಿಂದ ಹೊರತೆಗೆದು ಎತ್ತರಿಸಬೇಕು. ಚಾವಣಿಯ ಕೊಳೆ ತೊಳೆದು ಬರುವ ಮೊದಲ ಮಳೆನೀರನ್ನು ಟ್ಯಾಂಕಿಗೆ ಬಿಡದೆ ಹಿಡಿದಿಡುವ ಪೈಪನ್ನೂ ಉದ್ದ ಮಾಡಬೇಕು. ಈಗ 1 ಮಿಲಿಮೀಟರ್ ಮಳೆಗೆ 28 ಲೀಟರ್ ಲೆಕ್ಕ ಹಾಕಿ, ಆರಿಂಚು ಪೈಪು ಐದೂಕಾಲು ಅಡಿ ಇಟ್ಟಿದ್ದೇವೆ. 2 ಮಿಲಿಮೀಟರ್ ಬಿಡಬೇಕೆಂದರೆ ಅದರ ಎರಡರಷ್ಟು ಉದ್ದ. ಗೋಡೆಯ ಎತ್ತರ ಎಂಟೇ ಅಡಿ. ಪೈಪನ್ನು ಅಡ್ಡ ಮಲಗಿಸಿದ ಅನುಭವ ಯಾರಿಗಾದರೂ ಇದ್ದರೆ ಹೇಳಿ, ಶನಿವಾರ ಹೊರಡುವ ಮೊದಲು ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪ್ ಕೊಳ್ಳಬೇಕು.