ಬಿಸಿಲಿತ್ತು, ಆದರೂ ಹೊರಡಲಿಲ್ಲ

ಹೋದ ಸಂಕ್ರಾಂತಿಗೆ ಎಳ್ಳು ಬೀರಲು ರಾಚೆಸ್ಟರ್‌ನಲ್ಲಿರುವ ಗೆಳತಿಯ ಮನೆಗೆ ಹೋಗಬೇಕಿತ್ತು. ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಪಕ್ಕದಲ್ಲಿ. ಅಲ್ಲಿಗೆ ಸುಮಾರು 135 ಕಿಲೋಮೀಟರ್, ಒಂದೂವರೆ ಗಂಟೆ ದಾರಿ. ಗೆಳತಿಯೂ ಚಿಕ್ಕಬಳ್ಳಾಪುರದ ಕಡೆಯವಳೇ. ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಫ್ರೋಜನ್ ಅವರೆಕಾಳು ತಂದು, ನೆನೆಸಿ, ಹಿತುಕಿ ಇಟ್ಟಿದ್ದಳು. ನಾನು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಬೆರೆಸಿ ಇಪ್ಪತ್ತು ಪೊಟ್ಟಣ ಕಟ್ಟಿದ್ದೆ. ಮಗಳು ರೇಷ್ಮೆ ಲಂಗದ ಮೇಲೆ ದಪ್ಪ ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಹೊರಗೆ ಒಳ್ಳೇ ಬಿಸಿಲು. ಹಿಂದಿನ ದಿನ ಬಿದ್ದ ಹಿಮ ಅಂಗಳದಲ್ಲಿ ಹಾಗೇ ಇತ್ತು, ಆದರೆ ನಮ್ಮ ಬೀದಿಯನ್ನು ಬೆಳಗ್ಗೆಯೇ ಬಳಿದು ಹೋಗಿದ್ದರು. "ನಡೀರಿ, ಹೊರಡೋಣ" ಅಂದಿದ್ದು ನಾನೇ. ನಮ್ಮನೆಯವರು ಕೈಯಲ್ಲಿ ಕೀ ಹಿಡಿದುಕೊಂಡೇ ಫೋನ್ ನೋಡುತ್ತಿದ್ದರು. ಇಲ್ಲಿ ರಾಜ್ಯದ ಸಾರಿಗೆ ಇಲಾಖೆಯದು 511 ಅಂತ ಒಂದು ಆ್ಯಪ್ ಇದೆ. ಹಿಮ ಬಳಿಯುವ ಲಾರಿಗಳಲ್ಲಿ ಕ್ಯಾಮೆರಾ ಇರುತ್ತೆ, ಅವು ತೆಗೆದ ಫೋಟೋಗಳು ಅದರಲ್ಲಿ ಬರುತ್ತಿರುತ್ತವೆ. ನಾವು ಹೋಗಬೇಕಿದ್ದ ಹೆದ್ದಾರಿ 52ರ ಒಂದು ಫೋಟೋ ತೋರಿಸಿದರು. ಮೇಲರ್ಧ ನೀಲಿ ಆಕಾಶ, ಕೆಳಗರ್ಧ ಬರೀ ಬಿಳಿ. ರಸ್ತೆಯೂ ಇಲ್ಲ, ಗೆರೆಯೂ ಇಲ್ಲ. ಮುಂದೆ ಹೋಗುತ್ತಿದ್ದ ಯಾವುದೋ ಲಾರಿಯ ಕೆಂಪು ದೀಪ ಒಂದೇ ಒಂದು, ಕುಂಕುಮದ ಚುಕ್ಕೆಯಷ್ಟು.

ಊರಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಿಮ ಮೇಲಿಂದ ಬೀಳಲೇಬೇಕು ಅಂತಿಲ್ಲ. ಬಿದ್ದಿದ್ದನ್ನೇ ಗಾಳಿ ಎಬ್ಬಿಸಿಕೊಂಡು ಬರುತ್ತೆ. ಗಂಟೆಗೆ 56 ಕಿಲೋಮೀಟರ್ ವೇಗದ ಗಾಳಿ, 400 ಮೀಟರ್ ಆಚೆ ಏನೂ ಕಾಣದ ಸ್ಥಿತಿ, ಇವೆರಡೂ ಮೂರು ಗಂಟೆ ಹಿಡಿದರೆ ಇಲ್ಲಿ ಬ್ಲಿಝರ್ಡ್ ಅನ್ನುತ್ತಾರೆ, ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ ಸರಿ. ಊರೊಳಗೆ ಮನೆ, ಮರಗಳು ಗಾಳಿ ತಡೆಯುತ್ತವೆ. ಊರು ದಾಟಿದರೆ ಎರಡೂ ಕಡೆ ಬಟಾಬಯಲು, ಬೇಸಿಗೆಯಲ್ಲಿ ನಮ್ಮ ಗೌರಿಬಿದನೂರಿನ ಹಾಗೆ ಮುಸುಕಿನ ಜೋಳ ಬೆಳೆಯುವ ಹೊಲಗಳು. ಕೆಲವು ಕಡೆ ರಸ್ತೆ ಬದಿಯಲ್ಲಿ ಒಂದಷ್ಟು ಸಾಲು ಜೋಳವನ್ನು ಕೊಯ್ಯದೆ ಹಾಗೇ ಬಿಟ್ಟಿರುತ್ತಾರೆ, ಹಾರಿ ಬರುವ ಹಿಮ ಆ ದಂಟುಗಳಿಗೆ ಸಿಕ್ಕಿ ಅಲ್ಲೇ ಬೀಳಲಿ ಅಂತ. ಅದಕ್ಕೆ ರೈತರಿಗೆ ಸಾರಿಗೆ ಇಲಾಖೆಯೇ ದುಡ್ಡು ಕೊಡುತ್ತೆ.

ನಮ್ಮ ಕಾರಿಗೆ ನಾಲ್ಕೂ ಚಕ್ರದ ಎಳೆತ ಇದೆ. ಅದು ಕಾರನ್ನು ಹೊರಡಿಸುತ್ತೆ, ನಿಲ್ಲಿಸುವುದಿಲ್ಲ. ಮಂಜುಗಡ್ಡೆಯ ಮೇಲೆ ಬ್ರೇಕ್ ಹಾಕಿದರೆ ಒಣ ರಸ್ತೆಗಿಂತ ಹತ್ತು ಪಟ್ಟು ದೂರ ಜಾರಿಕೊಂಡು ಹೋಗಬಹುದು. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ನೀರು ಯಾವಾಗಲೂ ಇರುತ್ತೆ. ಚಳಿಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬಾರದು. ಹಾಗಂತ ಬೆಚ್ಚಗಿರಲಿ ಎಂದು ಎಂಜಿನ್ ಓಡಿಸುತ್ತಾ ಕೂತರೆ, ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿ ವಿಷಗಾಳಿ ಒಳಗೇ ತುಂಬಬಹುದು. ಮಗು ಹಿಂದಿನ ಸೀಟಿನಲ್ಲಿ ಮಲಗಿರುವಾಗ ಇದನ್ನೆಲ್ಲ ಯೋಚಿಸುವ ಹಾಗೆ ಆಗಬಾರದು. ಯೋಚಿಸುವುದಿದ್ದರೆ ಮನೆಯ ಬಾಗಿಲಲ್ಲೇ ಯೋಚಿಸಬೇಕು.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಕಷ್ಟವಾಗಿದ್ದು ಬೇರೆಯೇ. ಹಬ್ಬದ ದಿನ ಕರೆದವರ ಮನೆಗೆ ಬರೋದಿಲ್ಲ ಅನ್ನುವುದು ಹೇಗೆ? ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವಳದೇ ಫೋನ್. "ಅಕ್ಕಾ, ಹೊರಟುಬಿಟ್ಟಿದ್ದೀರಾ? ಬೇಡ, ಬರಬೇಡಿ. ಅವರೆಕಾಳು ಫ್ರಿಜ್‌ನಲ್ಲಿ ಇಡ್ತೀನಿ, ಮುಂದಿನ ವಾರ ಸಾರು ಮಾಡೋಣ." ನನಗೆ ಕಣ್ಣಲ್ಲಿ ನೀರು ಬಂತು. ಮಗಳು ಲಂಗ ಬಿಚ್ಚಲು ಒಪ್ಪಲೇ ಇಲ್ಲ. ಅದರಲ್ಲೇ ಹೋಗಿ ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೆ ಎಳ್ಳು ಕೊಟ್ಟು ಬಂದಳು.

ಸಂಜೆ ಏಳಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗ್ಗೆ ಆರೂವರೆ. ಅಪ್ಪ ಸೇವಂತಿಗೆ ಬೆಳೆಯುತ್ತಾರೆ. ಆ ಹೊತ್ತಿಗೆ ಟೆಂಪೋದಲ್ಲಿ ಹೂವಿನ ಮಾರ್ಕೆಟ್ ಮುಟ್ಟಿರುತ್ತಾರೆ, ತಡವಾದರೆ ರೇಟು ಬಿದ್ದಿರುತ್ತೆ. ಎಷ್ಟೇ ಮಂಜಿದ್ದರೂ ಹೋಗುತ್ತಿದ್ದರು. 2023ರ ಅಕ್ಟೋಬರ್ 26ರ ಬೆಳಗ್ಗೆ, ಚಿಕ್ಕಬಳ್ಳಾಪುರದ ಹೊರಗೆ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಕಾರು ಗುದ್ದಿ 13 ಜನ ಸತ್ತರಲ್ಲ, ಆವತ್ತು ದಟ್ಟ ಮಂಜಿತ್ತು. ಆ ಸುದ್ದಿ ಓದಿದ ದಿನದಿಂದ ನಾನು ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದೆ. ಅಪ್ಪ "ಹೂಂ" ಅನ್ನುತ್ತಿದ್ದರು, ಅಷ್ಟೇ.

"ಮಾರ್ಕೆಟ್‌ನಲ್ಲಿದ್ದೀಯೇನಪ್ಪಾ?"

"ಇಲ್ಲ ಕಣಮ್ಮ, ಮನೇಲೇ ಇದ್ದೀನಿ. ಹುಣಸೇಮರ ಕಾಣ್ತಾ ಇಲ್ಲ."

ನಮ್ಮ ಗೇಟಿನಿಂದ ಆ ಮರಕ್ಕೆ ನೂರು ಹೆಜ್ಜೆ ಇರಬಹುದು. ವಿಡಿಯೋ ತಿರುಗಿಸಿ ತೋರಿಸಿದರು: ಟೆಂಪೋ, ಅದರ ಮೇಲೆ ಸೇವಂತಿಗೆ ಮೂಟೆಗಳು, ಅದರಾಚೆ ಏನೂ ಇಲ್ಲ.

ನಾನು ನಮ್ಮ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದೇನೋ ಜೋಳ ಕೊಯ್ಯಲ್ಲ ಅಂದ್ಯಲ್ಲ, ಎಷ್ಟು ಸಾಲು ಬಿಡ್ತಾರೆ? ಹೇಳು, ಮರ ಕಾಣೋವರೆಗೂ ಇಲ್ಲೇ ಇರ್ತೀನಿ" ಅಂದರು.