ಮೊದಲ ಕಾಲಂ: ನೀರು ಏರುತ್ತಿದೆಯೋ, ಇಳಿಯುತ್ತಿದೆಯೋ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಕಡಲ ಜೀವಶಾಸ್ತ್ರ ವಿಭಾಗದ ನೆನಪು ಎಂದರೆ ಮೊದಲು ಬರುವುದು ಫೀಲ್ಡ್ ನೋಟ್‌ಬುಕ್ಕು. ಅದರಲ್ಲಿ ಪೆನ್ನು ಕೂಡದು, ಪೆನ್ಸಿಲ್ಲೇ ಆಗಬೇಕು. ಒದ್ದೆ ಕೈ ತಾಗಿದರೂ ಅಕ್ಷರ ಹರಡಬಾರದಲ್ಲ. ತಾರೀಕಿನ ಪಕ್ಕದ ಮೊದಲ ಕಾಲಂ ಭರತ-ಇಳಿತಕ್ಕೆ ಮೀಸಲು. ಉಷ್ಣಾಂಶ, ಲವಣಾಂಶ, ಆಮ್ಲಜನಕ ಎಲ್ಲ ಆಮೇಲೆ.

ಈ ಕಾಲಂ ಏಕೆ ಬೇಕೆಂದು ತಿಳಿಯಲು ಕಾಳಿ ನದಿಯ ಅಳಿವೆಯಲ್ಲಿ ದೋಣಿಗೆ ಲಂಗರು ಹಾಕಿ ಆರು ತಾಸು ಕೂತರೆ ಸಾಕು. ಇಳಿತದ ಕೊನೆಯಲ್ಲಿ ತುಂಬಿಕೊಂಡ ನೀರಿನಲ್ಲಿ ಊರಿನ ಚರಂಡಿಯೂ ಹೊಳೆಯೂ ಇರುತ್ತವೆ. ಅದೇ ಜಾಗದಲ್ಲಿ ತುಂಬು ಭರತಕ್ಕೆ ಬರುವುದು ಅರಬ್ಬಿ ಸಮುದ್ರ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ, ಅಲ್ಲಿ ಯಾವ ಹೊತ್ತಿನಲ್ಲೂ ಇರದ ನೀರಿನ ಲೆಕ್ಕ ಸಿಗುತ್ತದೆ.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಆರು ತಾಸು. ಪ್ರತಿ ಸೋಮವಾರ ಬೆಳಿಗ್ಗೆ 10ಕ್ಕೇ ಶಿಸ್ತಾಗಿ ಹೋಗುವವನಿಗೆ ಒಂದು ವಾರ ಭರತ, ಮರುವಾರ ಇಳಿತ ಸಿಗುತ್ತದೆ. ಗ್ರಾಫು ಗರಗಸದ ಹಲ್ಲಿನಂತಾಗುತ್ತದೆ, ಮಾಲಿನ್ಯ ವಾರ ಬಿಟ್ಟು ವಾರ ಏರುತ್ತಿದೆ ಎಂದು ವರದಿಯೂ ತಯಾರಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಹೋಗುವವನದು ಇನ್ನೂ ಕಷ್ಟ: ಅವನಿಗೆ ಯಾವಾಗಲೂ ಹೆಚ್ಚುಕಡಿಮೆ ಒಂದೇ ಸ್ಥಿತಿಯ ನೀರು, ಆದ್ದರಿಂದ ಅನುಮಾನವೇ ಬರುವುದಿಲ್ಲ. ಗಡಿಯಾರ ನೋಡಿ ಹೊರಡುವ ಬದಲು ಭರತದ ಕೋಷ್ಟಕ ನೋಡಿ ಹೊರಡುವುದೊಂದೇ ದಾರಿ. ಕಾಳಿಗೆ ಇನ್ನೂ ಒಂದು ಟಿಪ್ಪಣಿ ಬೇಕು: ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಯೇ ಎಂಬುದು. ಅಣೆಕಟ್ಟೆಯಿಲ್ಲದ ಅಘನಾಶಿನಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ವ್ಯತ್ಯಾಸ ತಿಳಿಯುತ್ತದೆ.

ಆಳದ ಮಾತೂ ಹೀಗೆಯೇ. ಮಳೆಗಾಲದಲ್ಲಿ ಮೇಲೆ ಕೆಂಪು ಸಿಹಿನೀರು ಹರಿಯುತ್ತಿದ್ದರೆ ತಳದಲ್ಲಿ ಉಪ್ಪುನೀರು ಮಲಗಿರುತ್ತದೆ. ಬಕೆಟ್ಟಿನಲ್ಲಿ ಮೊಗೆದ ನೀರು ಅರ್ಧ ಸತ್ಯ. ತಳದ ನೀರಿಗೆ ನಿಸ್ಕಿನ್ ಬಾಟಲಿ (ಬೇಕಾದ ಆಳದಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲಿನ ನೀರನ್ನೇ ತರುವ ಕೊಳವೆ) ಇಳಿಸುತ್ತೇವೆ. ದೋಣಿ ಸೆಳೆತಕ್ಕೆ ಸರಿದು ಹಗ್ಗ 30 ಡಿಗ್ರಿ ವಾಲಿದರೆ, 20 ಮೀಟರ್ ಹಗ್ಗ ಬಿಟ್ಟರೂ ಬಾಟಲಿ ಇರುವುದು ಸುಮಾರು 17 ಮೀಟರಿನಲ್ಲಿ. ಹಗ್ಗದ ಓರೆಯನ್ನೂ ಬರೆದಿಡಿ.

ಇನ್ನು ನೀರಿನಲ್ಲಿ ಕರಗಿದ ಆಮ್ಲಜನಕ. ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ಅದನ್ನು ಅಳೆಯುವ ವಿಧಾನ ಇಂದಿಗೂ ಆಮ್ಲಜನಕದ ಮೀಟರುಗಳ ಕಿವಿ ಹಿಂಡುವ ಮೇಷ್ಟ್ರು. ನಿಸ್ಕಿನ್ ಮೇಲೆ ಬಂದ ಕೂಡಲೇ ಮೊದಲ ನೀರು ಇದಕ್ಕೇ. ಪೋಷಕಾಂಶಕ್ಕೆ ಆಮೇಲೆ, ಲವಣಾಂಶಕ್ಕೆ ಕಟ್ಟಕಡೆಗೆ. ರಬ್ಬರ್ ನಳಿಕೆ 300 ಮಿಲಿಲೀಟರ್ ಬಿಓಡಿ ಬಾಟಲಿಯ (ಆಮ್ಲಜನಕದ ಪರೀಕ್ಷೆಗೆಂದೇ ಇರುವ ಗಾಜಿನ ಬಾಟಲಿ) ತಳ ಮುಟ್ಟಿರಬೇಕು. ಎರಡು ಮೂರು ಬಾಟಲಿಯಷ್ಟು ನೀರು ಹೊರಚೆಲ್ಲಿದ ಮೇಲೆ ನಳಿಕೆಯನ್ನು ಮೆಲ್ಲಗೆ ಎತ್ತಿ, ಮ್ಯಾಂಗನೀಸ್ ಸಲ್ಫೇಟ್ 1 ಮಿಲಿ, ಕ್ಷಾರೀಯ ಅಯೊಡೈಡ್-ಅಜೈಡ್ 1 ಮಿಲಿ, ಪಿಪೆಟ್ಟಿನ ತುದಿ ನೀರೊಳಗಿಟ್ಟೇ ಬಿಡಬೇಕು. ಮುಚ್ಚಳ ಹಾಕಿ ತಲೆಕೆಳಗು ಮಾಡಿ ಅಲುಗಿಸಿದರೆ ಒಡೆದ ಹಾಲಿನಂಥ ಗಸಿ ಕಟ್ಟುತ್ತದೆ. ಕಾಫಿ ಬಣ್ಣ ಬಂದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಉಸಿರಿಲ್ಲ. ಗಸಿ ಇಳಿದ ಮೇಲೆ ಮತ್ತೊಮ್ಮೆ ಅಲುಗಿಸಿ, ಇನ್ನೊಮ್ಮೆ ಇಳಿಯಲು ಬಿಟ್ಟು, ತೀವ್ರ ಸಲ್ಫ್ಯೂರಿಕ್ ಆಮ್ಲ 1 ಮಿಲಿ ಹಾಕಿದರೆ ಗಸಿ ಕರಗಿ ಅಯೊಡಿನ್ ಬಣ್ಣ ಬರುತ್ತದೆ. ಅದರಲ್ಲಿ 201 ಮಿಲಿ ತೆಗೆದು 0.025 ನಾರ್ಮಲ್ (ಇದು ದ್ರಾವಣದ ಬಲದ ಅಳತೆ) ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಬೇಕು, ಎಂದರೆ ಬಣ್ಣ ಹೋಗುವ ತನಕ ಹನಿಹನಿಯಾಗಿ ಬಿಡಬೇಕು. ಖರ್ಚಾದ ಪ್ರತಿ ಮಿಲಿಯೂ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಲೆಕ್ಕಕ್ಕೆ ಬೇಕಾದದ್ದು 200 ಮಿಲಿ; ಹೆಚ್ಚಿನ ಆ ಒಂದು ಮಿಲಿ, ಮೊದಲೆರಡು ದ್ರಾವಣಗಳು ಹೊರದಬ್ಬಿದ ನೀರಿನ ಬಾಬ್ತು.

ಕೆಡುವುದು ಮೂರು ಕಡೆ. ಮುಚ್ಚಳದ ಕೆಳಗೆ ಸಣ್ಣ ಗಾಳಿಗುಳ್ಳೆ ಉಳಿದರೆ, ಆಮ್ಲಜನಕ ಕಡಿಮೆಯಿರುವ ತಳದ ನೀರೇ ಹೆಚ್ಚು ಸುಳ್ಳು ಹೇಳುತ್ತದೆ. ಕೊನೆಯ ಬಿಂದು ತೋರಿಸಲು ಹಾಕುವ, ಅಯೊಡಿನ್ನಿಗೆ ನೀಲಿಯಾಗುವ ಪಿಷ್ಟವನ್ನು ಅವಸರದಲ್ಲಿ ಹಾಕಿದರೆ ಅಯೊಡಿನ್ ಅದಕ್ಕಂಟಿ, ನೀಲಿ ಬೇಗ ಬಿಡದೆ ಕೊನೆಯ ಬಿಂದು ದಾಟಿಹೋಗುತ್ತದೆ. ಹುಲ್ಲಿನ ತೆಳುಹಳದಿಗೆ ಬರುವ ತನಕ ಕಾಯಬೇಕು. ಥಯೋಸಲ್ಫೇಟ್ ತಾನಾಗಿ ದುರ್ಬಲವಾಗುವ ವಸ್ತು. ಕಳೆದ ತಿಂಗಳ ನಾರ್ಮಾಲಿಟಿಯನ್ನು ನಂಬಿದರೆ ಇಡೀ ತಿಂಗಳು ಸಮುದ್ರ ಆರೋಗ್ಯವಾಗಿ ಕಾಣುತ್ತದೆ.

ಸಂಖ್ಯೆ ಸರಿ ಬಂದಮೇಲೂ ತೀರ್ಪಿಗೆ ಆತುರ ಬೇಡ. 30 ಡಿಗ್ರಿ ಬಿಸಿಯ ಕಡಲ ನೀರು ಹಿಡಿದಿಡಬಲ್ಲದ್ದೇ ಲೀಟರಿಗೆ ಸುಮಾರು 6.2 ಮಿಲಿಗ್ರಾಂ. 2ಕ್ಕಿಂತ ಕೆಳಗಿಳಿದರೆ ಜೀವಿಗಳಿಗೆ ಸಂಕಟ. ಆದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಉತ್ತರಾರ್ಧಕ್ಕೆ ಆಮ್ಲಜನಕಕ್ಕೆ ಬಡವಾದ ಆಳದ ನೀರು ತಾನಾಗಿ ಮೇಲೇರಿ ದಡದ ಹತ್ತಿರ ಬರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು, ಈ ಸಹಜ ಕೊರತೆ ತೀವ್ರವಾಗುತ್ತಿದೆ ಎಂದು. ಗದ್ದೆಗಳಿಂದ ಹರಿದುಬರುವ ಗೊಬ್ಬರದ ಸಾರಜನಕದ ಮೇಲೂ ಅವರಿಗೆ ಅನುಮಾನವಿತ್ತು. ಸೆಪ್ಟೆಂಬರಿನ ಒಂದೇ ಬಾಟಲಿ ಹಿಡಿದು ಚರಂಡಿಯನ್ನೋ ಕಾರ್ಖಾನೆಯನ್ನೋ ದೂರಿದರೆ, ಎದುರು ಪಕ್ಷದ ವಕೀಲರಿಗೆ ಹಬ್ಬ.

ಅದಕ್ಕೇ ಚಿಪ್ಪಿನ ಸಾಕ್ಷಿ. ಬಾಟಲಿ ಹೇಳುವುದು ಒಂದು ಗಳಿಗೆಯ ಕತೆ, ಬಳಚು (ಕೆಸರಿನಲ್ಲಿರುವ ಎರಡು ಚಿಪ್ಪಿನ ಪ್ರಾಣಿ) ಹೇಳುವುದು ತಿಂಗಳುಗಳದ್ದು. ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ‘ಮಸಲ್ ವಾಚ್’ (ಚಿಪ್ಪುಪ್ರಾಣಿಗಳ ಮೂಲಕ ಕರಾವಳಿಯ ಮಾಲಿನ್ಯ ಗಮನಿಸುವ ಯೋಜನೆ) ಸೂಚಿಸಿದ್ದು ಇದೇ ತರ್ಕದ ಮೇಲೆ: ನೀರು ಸೋಸಿ ತಿನ್ನುವ ಪ್ರಾಣಿ ಲೋಹವನ್ನೂ ಕೀಟನಾಶಕವನ್ನೂ ಮೈಯಲ್ಲಿ ಕೂಡಿಡುತ್ತದೆ. ಒಂದೇ ಅಳತೆಯ ಚಿಪ್ಪುಗಳನ್ನೇ ಆರಿಸಿ. ಹಿರಿಯ ಬಳಚನ್ನೂ ಮರಿಯನ್ನೂ ಬೆರೆಸಿದರೆ ವಯಸ್ಸನ್ನು ಅಳೆದಂತಾಗುತ್ತದೆ. ಶುದ್ಧ ಕಡಲ ನೀರಿನಲ್ಲಿ ಒಂದು ದಿನ ಇಟ್ಟು ಹೊಟ್ಟೆಯ ಕೆಸರು ಹೋಗಲು ಬಿಡದಿದ್ದರೆ, ವರದಿಯಾಗುವುದು ಮಾಂಸದ ಲೋಹವಲ್ಲ, ಕೆಸರಿನದು.

ಮೈಕ್ರೋಪ್ಲಾಸ್ಟಿಕ್ಕಿನ ಬಗ್ಗೆ ಎರಡೇ ಮಾತು. ಮರಳನ್ನು ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಕದಡಿದರೆ (ಸಾಂದ್ರತೆ 1.2) ಪಾಲಿಥೀನ್ ತೇಲುತ್ತದೆ, ಸುಮಾರು 1.38ರ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ತಳದಲ್ಲೇ ಉಳಿಯುತ್ತದೆ. ನೀರಿನ ಬಾಟಲಿಯ ಚೂರು ಇಲ್ಲವೇ ಇಲ್ಲ ಎಂದು ಬರೆದುಬಿಡುವವರುಂಟು. ಇನ್ನೊಂದು, ಟೆರಿಕಾಟ್ ಅಂಗಿ ಹಾಕಿಕೊಂಡು ಪ್ಲಾಸ್ಟಿಕ್ಕಿನ ಎಳೆ ಎಣಿಸಲು ಕೂರಬೇಡಿ. ಪಕ್ಕದಲ್ಲಿ ತೆರೆದಿಟ್ಟ ಖಾಲಿ ಫಿಲ್ಟರ್ ಕಾಗದದ ಮೇಲೆ ಬಿದ್ದಷ್ಟನ್ನು ಲೆಕ್ಕದಿಂದ ಕಳೆಯಿರಿ.

ಕಾಂಡ್ಲ (ಮ್ಯಾಂಗ್ರೋವ್) ನೆಡುವ ಉತ್ಸಾಹ ಈಗ ಎಲ್ಲ ಕಡೆ ಇದೆ, ಮೊದಲ ಕಾಲಂ ಮಾತ್ರ ಅಲ್ಲೂ ಖಾಲಿ. ಇಳಿತದಲ್ಲಿ ವಿಶಾಲವಾಗಿ ಕಾಣುವ ಕೆಸರುಬಯಲಿನಲ್ಲಿ ಸಾಲಾಗಿ ಊರಿದ ಸಸಿಗಳು ದಿನದ ಬಹುಪಾಲು ಮುಳುಗಿರುತ್ತವೆ. ಬೇರಿಗೆ ಗಾಳಿ ಸಿಗುವುದಿಲ್ಲ, ಕಾಂಡದ ಮೇಲೆ ಬಾರ್ನಕಲ್ ಎಂಬ ಅಂಟುಚಿಪ್ಪಿನ ಪ್ರಾಣಿ ಕವಿಯುತ್ತದೆ. ಮರುವರ್ಷ ಉಳಿಯುವುದು ಕಡ್ಡಿ. ಬಳಚು ಆರಿಸುವ ಹೆಂಗಸರ ಜಾಗವೂ ಹೋಯಿತು. ಅದರ ಬದಲು ಅಳತೆಯ ಗುರುತಿರುವ ಕೋಲೊಂದನ್ನು ನೆಟ್ಟು, ಅಮಾವಾಸ್ಯೆ-ಹುಣ್ಣಿಮೆಯ ಭರತ ಎಲ್ಲಿಗೆ ಮುಟ್ಟುತ್ತದೆ, ತಾನಾಗಿ ಬೆಳೆದ ಕಾಂಡ್ಲದ ಕೆಳಅಂಚು ಎಲ್ಲಿ ನಿಂತಿದೆ ಎಂದು ಗುರುತು ಹಾಕಬೇಕು. ಆ ಅಂಚಿನ ಕೆಳಗೆ ನೆಡಬಾರದು. ಕೋಡು (ಮರದಲ್ಲೇ ಮೊಳೆತು ಜೋಲುವ ಉದ್ದನೆಯ ಕಾಂಡ್ಲದ ಮೊಳಕೆ) ಬಲಿತಿದೆ ಎನ್ನಲು ತೊಟ್ಟಿನ ಬಳಿ ಹಳದಿ ಉಂಗುರ ಕಾಣಬೇಕು. ಮೂರರಲ್ಲೊಂದು ಭಾಗ ಕೆಸರಿಗೆ ಊರಿದರೆ ಸಾಕು. ಹಳೆಯ ಗಜನಿಯ (ಅಳಿವೆಯ ಪಕ್ಕದ ಉಪ್ಪುನೀರಿನ ಗದ್ದೆಯ) ಕಟ್ಟೆ ಒಡೆದು ಭರತದ ನೀರು ಒಳಗೆ ಆಡುತ್ತಿದ್ದರೆ, ಹತ್ತಿರದಲ್ಲಿ ತಾಯಿಮರಗಳೂ ಇದ್ದರೆ, ನೆಡುವ ಕೆಲಸವೇ ಇಲ್ಲದಿರಬಹುದು. ಕೋಡುಗಳು ನೀರಿನ ಜೊತೆ ತಾವೇ ಬರುತ್ತವೆ. ಒಂದು ಮಳೆಗಾಲ ಕಾದು ಎಣಿಸಿ ನೋಡಿ, ಆಮೇಲೆ ಗುದ್ದಲಿ ಹಿಡಿಯಿರಿ.